ಹರಾಜಿನ ನಡುವೆ ಪುಸ್ತಕ ತರಲು ಓಡಬೇಡಿ: ಕರ್ನಲ್ ಟ್ರೇಸ್ ಲೆಕ್ಕಕ್ಕೆ ಮೊದಲೇ ಜಾಗ ಕಾದಿರಿಸಿದ ಹ್ಯಾಶ್ ಟೇಬಲ್

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲದ ಹರಾಜನ್ನು ಒಮ್ಮೆ ನಿಂತು ನೋಡಿ. ಬಾಕ್ಸ್‌ಗಳ ಸಾಲಿನ ಮುಂದೆ ಕೂಗು ಶುರುವಾದ ಮೇಲೆ ಮಂಡಿಯ ಗುಮಾಸ್ತನಿಗೆ ತಲೆ ಎತ್ತಲು ಬಿಡುವಿಲ್ಲ. ರೈತನ ಹೆಸರು ಹುಡುಕಬೇಕು, ಅದರ ಮುಂದೆ ಬಾಕ್ಸ್ ಎಷ್ಟು ಎಂದು ಕೂಡಿಸಬೇಕು, ಮುಂದಿನ ಸಾಲಿಗೆ ಹೋಗಬೇಕು. ಹಾಳೆ ಮುಗಿಯಿತೆಂದು ಹೊಸ ಪುಸ್ತಕ ಕೊಳ್ಳಲು ಅವನು ಅಂಗಡಿಗೆ ಹೋದರೆ ಹರಾಜೇ ನಿಲ್ಲುತ್ತದೆ. ಆದ್ದರಿಂದ ಅನುಭವಿ ಗುಮಾಸ್ತ ಬೆಳಗ್ಗೆ ಬರುವಾಗಲೇ ಬೇಕಾದಷ್ಟು ಹಾಳೆಯ ಪುಸ್ತಕ ತಂದಿರುತ್ತಾನೆ.

ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ನಡೆಯುವ ಘಟನೆಗಳನ್ನು ಗಮನಿಸಿ (ಇದೇ ಟ್ರೇಸ್) ಎಣಿಸುವ ಕೋಡ್ ಕೂಡ ಹೀಗೆಯೇ ಕೆಲಸ ಮಾಡಬೇಕು. ಅದರ ಪುಸ್ತಕವೇ ಹ್ಯಾಶ್ ಟೇಬಲ್: ರೈತನ ಹೆಸರಿನಂಥ ಗುರುತಿನಿಂದ, ಅಂದರೆ ಕೀಯಿಂದ, ಹ್ಯಾಶ್ ಎಂಬ ಸಂಖ್ಯೆ ಲೆಕ್ಕಹಾಕಿ, ಅದು ತೋರಿಸುವ ಖಾನೆಯಲ್ಲಿ ಹುಡುಕುವ ಪಟ್ಟಿ. ಭಾನುವಾರಗಳಂದು ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕರ್ನಲ್ ಪಾಠ ಹೇಳುತ್ತೇನೆ. ‘ಯಾವ ಫಂಕ್ಷನ್ ಎಷ್ಟು ಬೈಟ್ ಮೆಮೊರಿ ಕೇಳಿತು ಎಂದು ಎಣಿಸಿ’ ಎಂಬ ಅಭ್ಯಾಸ ಕೊಟ್ಟಾಗಲೆಲ್ಲ ಬರುವ ಮೊದಲ ಉತ್ತರ ಒಂದೇ: ಹೊಸ ಕೀ ಸಿಕ್ಕಿದೊಡನೆ, ಕರ್ನಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಕ್ ಫಂಕ್ಷನ್ ಕರೆದು ಹೊಸ ದಾಖಲೆ ಮಾಡುವುದು. ಎಣಿಸಲು ಹೊರಟಿರುವುದೇ ಕೆಮ್ಯಾಲಕ್ ಅನ್ನು! ಎಣಿಕೆಯ ಕೋಡ್ ಕೆಮ್ಯಾಲಕ್ ಕರೆಯುತ್ತದೆ, ಆ ಕರೆ ಮತ್ತೆ ಎಣಿಕೆಯ ಕೋಡನ್ನು ಎಬ್ಬಿಸುತ್ತದೆ, ಯಂತ್ರ ಸ್ತಬ್ಧವಾಗುತ್ತದೆ. ಟ್ರೇಸ್ ಮಾಡುವ ಕೋಡ್ ಎಲ್ಲಿಂದ ಬೇಕಾದರೂ ಕರೆಯಲ್ಪಡಬಹುದು. ಇತರರು ಒಳಬರದಂತೆ ಯಾವುದೋ ಲಾಕ್ ಹಿಡಿದಿರುವ ಜಾಗದಿಂದ, ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಇಂಟರಪ್ಟ್‌ನಿಂದ, ಯಾವುದಕ್ಕೂ ಕಾಯದೆ ನುಗ್ಗುವ ಎನ್‌ಎಂಐ ಇಂಟರಪ್ಟ್‌ನಿಂದಲೂ ಬರಬಹುದು. ಅಲ್ಲಿ ಮೆಮೊರಿ ಕೇಳುವಂತಿಲ್ಲ, ಸಾಮಾನ್ಯ ಲಾಕ್ ಹಿಡಿಯುವಂತಿಲ್ಲ, ನಿದ್ದೆಗೆ ಜಾರುವಂತಿಲ್ಲ.

‘ಪ್ರತಿ ಘಟನೆಯನ್ನೂ ಬಫರ್‌ಗೆ ಬರೆದು ಆಮೇಲೆ ಲೆಕ್ಕ ಹಾಕೋಣ’ ಎಂಬ ಅಡ್ಡದಾರಿ ಸಣ್ಣ ಪ್ರಯೋಗಕ್ಕೆ ಸಾಕು. ಸೆಕೆಂಡಿಗೆ ಲಕ್ಷಗಟ್ಟಲೆ ಘಟನೆಗಳು ನಡೆಯುವ ಯಂತ್ರದಲ್ಲಿ ಬಫರ್ ತುಂಬಿ ಹರಿಯುತ್ತದೆ. ನಮಗೆ ಬೇಕಾಗಿರುವುದು ಮೊತ್ತ ಮಾತ್ರವಾದಾಗ ಮೊತ್ತವನ್ನು ಅಲ್ಲೇ ಕೂಡಿಸುವುದು ಸರಿಯಾದ ಕ್ರಮ. ಸೊಲಾರಿಸ್ 10 ಆಪರೇಟಿಂಗ್ ಸಿಸ್ಟಮ್ ಜೊತೆ 2005ರಲ್ಲಿ ಬಂದ ಡಿಟ್ರೇಸ್ ಎಂಬ ಟ್ರೇಸ್ ಸಾಧನ ಇದನ್ನೇ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ 2016ರಲ್ಲಿ ಎರಡು ದಾರಿಗಳು ತೆರೆದವು. 4.6ನೇ ಆವೃತ್ತಿಯಿಂದ ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಮ್‌ಗಳನ್ನು ಓಡಿಸುವ ಬಿಪಿಎಫ್‌ನ ಹ್ಯಾಶ್ ಮ್ಯಾಪ್‌ಗಳು ತಾವಾಗಿಯೇ ಮೊದಲೇ ಜಾಗ ಕಾದಿರಿಸತೊಡಗಿದವು. 4.7ರಲ್ಲಿ ಕರ್ನಲ್ ಡೆವಲಪರ್ ಟಾಮ್ ಝನುಸಿ ಬರೆದ, ಘಟನೆ ನಡೆದಾಗಲೇ ಕೀವಾರು ಮೊತ್ತ ಕೂಡಿಸುವ ಹಿಸ್ಟ್ ಟ್ರಿಗರ್ ಬಂತು. ಅದರ ಒಡಲಲ್ಲಿರುವ ‘ಟ್ರೇಸಿಂಗ್ ಮ್ಯಾಪ್’ ಎಂಬ ಟೇಬಲ್, ಕ್ಲಿಫ್ ಕ್ಲಿಕ್ ಎಂಬ ಎಂಜಿನಿಯರ್ ರೂಪಿಸಿದ ಲಾಕ್ ಇಲ್ಲದ ಹ್ಯಾಶ್ ಟೇಬಲ್‌ನ ಸರಳ ರೂಪ. ನಾನು ಕಲಿಸುವುದೂ ಅದೇ ಮಾದರಿಯನ್ನು. ಇದನ್ನು ಸಿ ಭಾಷೆಯಲ್ಲಿ ಬರೆದರೆ ಇನ್ನೂರು ಸಾಲು ದಾಟುವುದಿಲ್ಲ.

ಮೊದಲ ಹಂತ: ಗಾತ್ರ

ಟೇಬಲ್‌ಗೆ ಎರಡು ಭಾಗಗಳಿರಲಿ. ಒಂದು, ಖಾನೆಗಳ ಸಾಲು. ಪ್ರತಿ ಖಾನೆಯಲ್ಲಿ 4 ಬೈಟ್‌ನ ಹ್ಯಾಶ್ ಮತ್ತು ದಾಖಲೆಯ ವಿಳಾಸ ಹೇಳುವ 8 ಬೈಟ್‌ನ ಪಾಯಿಂಟರ್, ನಡುವಿನ ಖಾಲಿ ಜಾಗ ಸೇರಿ 16 ಬೈಟ್. ಇನ್ನೊಂದು, ನಿಜವಾದ ಕೀ ಮತ್ತು ಮೊತ್ತಗಳನ್ನು ಇಟ್ಟುಕೊಳ್ಳುವ ದಾಖಲೆಗಳ ದಾಸ್ತಾನು. ದಾಖಲೆಗಳು ಎಷ್ಟಿವೆಯೋ ಅದರ ಎರಡರಷ್ಟು ಖಾನೆಗಳಿರಬೇಕು. ಇದರಲ್ಲಿ ಚೌಕಾಸಿ ಬೇಡ.

ಕಾರಣ ಹೀಗಿದೆ. ಒಂದು ಖಾನೆ ತುಂಬಿದ್ದರೆ ಪಕ್ಕದ ಖಾನೆಗೆ ಹೋಗುವ ಸರಳ ಪದ್ಧತಿಯಲ್ಲಿ, ಟೇಬಲ್ ಅರ್ಧ ತುಂಬಿರುವಾಗ ಹೊಸ ಕೀಗೆ ಜಾಗ ಹುಡುಕಲು ಸರಾಸರಿ ಎರಡೂವರೆ ಖಾನೆ ನೋಡಿದರೆ ಸಾಕು. ಶೇ 90 ತುಂಬಿದರೆ ಐವತ್ತು ಖಾನೆ ನೋಡಬೇಕಾಗುತ್ತದೆ. ದಾಖಲೆಗಳು ಖಾನೆಗಳ ಅರ್ಧದಷ್ಟೇ ಇದ್ದರೆ ಟೇಬಲ್ ಅರ್ಧಕ್ಕಿಂತ ಹೆಚ್ಚು ತುಂಬುವ ಪ್ರಶ್ನೆಯೇ ಇಲ್ಲ. 2,048 ದಾಖಲೆ, ತಲಾ 64 ಬೈಟ್ ಎಂದಿಟ್ಟುಕೊಳ್ಳಿ, 128 ಕಿಲೋಬೈಟ್ ಆಯಿತು. 4,096 ಖಾನೆಗಳಿಗೆ 64 ಕಿಲೋಬೈಟ್. ಒಟ್ಟು 192 ಕಿಲೋಬೈಟ್. ಇಂದಿನ ಯಾವ ಯಂತ್ರಕ್ಕೂ ಇದು ಹೊರೆಯಲ್ಲ. ಹಿಸ್ಟ್ ಟ್ರಿಗರ್ ಕೂಡ ಗಾತ್ರ ಹೇಳದಿದ್ದರೆ 2,048 ದಾಖಲೆಗಳಿಂದಲೇ ಹೊರಡುತ್ತದೆ. 128ಕ್ಕಿಂತ ಕಡಿಮೆ ಕೊಡುವುದಿಲ್ಲ, 1,31,072ಕ್ಕಿಂತ ಹೆಚ್ಚು ಬಿಡುವುದಿಲ್ಲ. ಖಾನೆಗಳ ಸಂಖ್ಯೆ ಎರಡರ ಘಾತವಾಗಿರಲಿ. ಆಗ ಭಾಗಾಕಾರ ಬೇಡ, ಬಿಟ್ ಸರಿಸಿದರೆ ಆಯಿತು.

ತುಂಬಿದಾಗ ತಾನೇ ಬೆಳೆಯುವ ಟೇಬಲ್ ಇಲ್ಲಿ ಬೇಡವೇ ಬೇಡ. ನಡುವೆ ಒಂದು ಕೀ ಅಳಿಸುವ ಸೌಲಭ್ಯವೂ ಬೇಡ. ಟ್ರೇಸ್ ನಿಲ್ಲಿಸಿ, ಒಳಗಿರುವವರೆಲ್ಲ ಹೊರಬರುವ ತನಕ ಕಾದು, ಇಡೀ ಟೇಬಲನ್ನು ಒಮ್ಮೆಲೇ ತೊಳೆಯಿರಿ. ಈ ಎರಡು ಸೌಲಭ್ಯಗಳನ್ನು ಬಿಟ್ಟುಕೊಟ್ಟರೆ ಮಾತ್ರ ಮೂರನೇ ಹಂತ ಮನುಷ್ಯರ ಕೈಗೆ ಎಟುಕುತ್ತದೆ.

ಎರಡನೇ ಹಂತ: ಕೀಯನ್ನು ಚೊಕ್ಕಗೊಳಿಸುವುದು

ಇದು ಸಣ್ಣ ಕೆಲಸ, ಆದರೆ ಇದನ್ನು ಮರೆತವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಬ್ಬ ವಿದ್ಯಾರ್ಥಿನಿ ಫಲಿತಾಂಶದ ಪಟ್ಟಿ ತಂದು, ‘ಸರ್, ಒಂದೇ ಪ್ರೋಗ್ರಾಮ್ ಹೆಸರು ಮೂರು ಸಾಲಿನಲ್ಲಿ ಬರುತ್ತಿದೆ, ಹ್ಯಾಶ್ ಫಂಕ್ಷನ್ ಕೆಟ್ಟಿದೆ’ ಎಂದಳು. ಹ್ಯಾಶ್ ಫಂಕ್ಷನ್ ಚೆನ್ನಾಗಿಯೇ ಇತ್ತು. ಕರ್ನಲ್‌ನಲ್ಲಿ ಪ್ರೋಗ್ರಾಮ್ ಹೆಸರಿಗೆ 16 ಬೈಟ್ ಜಾಗ. ಹೆಸರು ಐದೇ ಅಕ್ಷರದ್ದಾದರೆ ಅದರ ಕೊನೆಯ ಸೊನ್ನೆಯ ಆಚೆಗೆ ಹತ್ತು ಬೈಟ್ ಉಳಿಯುತ್ತವೆ, ಅವುಗಳಲ್ಲಿ ಹಿಂದಿನ ಯಾವುದೋ ಕಸ ಇತ್ತು. ಕಣ್ಣಿಗೆ ಕಾಣುವ ಹೆಸರು ಒಂದೇ, ಟೇಬಲ್‌ಗೆ ಮಾತ್ರ ಮೂರು ಬೇರೆ ಬೇರೆ ಕೀಗಳು. ಸ್ಟ್ರಕ್ಟ್ ಒಳಗೆ ಕಂಪೈಲರ್ ಬಿಡುವ ಖಾಲಿ ಬೈಟ್‌ಗಳಿಂದಲೂ ಇದೇ ಅನಾಹುತ ಆಗುತ್ತದೆ. ಕೀ ತುಂಬುವ ಮೊದಲು ಅದರ ಇಡೀ ಜಾಗವನ್ನು ಸೊನ್ನೆಯಿಂದ ಒರೆಸಿ. ಆಮೇಲೆ ಬರೆಯಿರಿ.

ಹ್ಯಾಶ್‌ಗೆ ಕರ್ನಲ್‌ನಲ್ಲೇ ಇರುವ ಜೆ-ಹ್ಯಾಶ್ ಬಳಸಿ. ಸ್ವಂತ ಹ್ಯಾಶ್ ಫಂಕ್ಷನ್ ಕಟ್ಟಲು ಹೋಗಬೇಡಿ. ಪಾಯಿಂಟರ್‌ನ ಕೆಳಗಿನ ಕೆಲವು ಬಿಟ್‌ಗಳನ್ನು ಹಾಗೇ ಹ್ಯಾಶ್ ಎಂದು ಬಳಸುವ ಅಡ್ಡದಾರಿಯಂತೂ ಪಕ್ಕಾ ಸೋಲು. ಕರ್ನಲ್ ವಿಳಾಸಗಳು 8 ಅಥವಾ 16ರ ಗುಣಕಗಳಾಗಿ ಬರುವುದೇ ಹೆಚ್ಚು, ಎಲ್ಲವೂ ಕೆಲವೇ ಖಾನೆಗಳ ಮೇಲೆ ಮುಗಿಬೀಳುತ್ತವೆ.

ಮೂರನೇ ಹಂತ: ಖಾನೆ ಹಿಡಿಯುವುದು, ದಾಖಲೆ ತೋರಿಸುವುದು

ಎಡವುವವರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಖಾನೆಯಲ್ಲಿ ಹ್ಯಾಶ್ ಸೊನ್ನೆಯಾಗಿದ್ದರೆ ಅದು ಖಾಲಿ ಎಂದು ಅರ್ಥ. ಹಾಗಾಗಿ ಯಾವುದೇ ಕೀಯ ಹ್ಯಾಶ್ ಸೊನ್ನೆ ಬಂದರೆ ಅದನ್ನು ಒಂದು ಎಂದು ತಿದ್ದಿಕೊಳ್ಳಿ. ಹ್ಯಾಶ್‌ನ ಮೇಲಿನ ಬಿಟ್‌ಗಳಿಂದ ಖಾನೆಯ ಸಂಖ್ಯೆ ತೆಗೆಯಿರಿ. 4,096 ಖಾನೆಗಳಿದ್ದರೆ ಮೇಲಿನ 12 ಬಿಟ್. ಆ ಖಾನೆಗೆ ಹೋದಾಗ ನಾಲ್ಕರಲ್ಲಿ ಒಂದು ಸನ್ನಿವೇಶ ಎದುರಾಗುತ್ತದೆ.

ಬೇರೆ ಹ್ಯಾಶ್ ಇದ್ದರೆ ಪಕ್ಕದ ಖಾನೆಗೆ ಹೋಗಿ. ನಮ್ಮದೇ ಹ್ಯಾಶ್ ಇದ್ದು, ಪಾಯಿಂಟರ್ ಕೂಡ ಇದ್ದರೆ, ದಾಖಲೆಯ ಪೂರ್ತಿ ಕೀಯನ್ನು ಹೋಲಿಸಿ. ಹ್ಯಾಶ್ ಒಂದೇ ಆದ ಮಾತ್ರಕ್ಕೆ ಕೀ ಒಂದೇ ಎಂದು ನಂಬುವುದು, ಇನಿಷಿಯಲ್ ಒಂದೇ ಇದೆ ಎಂದು ಒಬ್ಬ ರೈತನ ಬಾಕ್ಸ್‌ಗಳನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆದಂತೆ. ಕೀ ಹೊಂದಿದರೆ ಮೊತ್ತ ಕೂಡಿಸಿ ಹೊರಬನ್ನಿ, ಹೊಂದದಿದ್ದರೆ ಪಕ್ಕದ ಖಾನೆಗೆ ನಡೆಯಿರಿ.

ಖಾನೆ ಖಾಲಿ ಇದ್ದರೆ ಅದನ್ನು ಹಿಡಿಯಬೇಕು. ‘ಖಾಲಿ ಇದೆಯೇ’ ಎಂದು ನೋಡಿ ಆಮೇಲೆ ಬರೆದರೆ ಆಗದು, ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಂದು ಸಿಪಿಯು ಅದೇ ಖಾನೆಗೆ ಬರೆದುಬಿಡುತ್ತದೆ. ‘ಸೊನ್ನೆ ಇದ್ದರೆ ಮಾತ್ರ ನನ್ನ ಹ್ಯಾಶ್ ಬರೆ’ ಎಂಬುದನ್ನು ಒಂದೇ ಏಟಿಗೆ ಮುಗಿಸುವ ಕಂಪೇರ್-ಎಕ್ಸ್‌ಚೇಂಜ್ ಬಳಸಿ. ಗೆದ್ದರೆ ಖಾನೆ ನಿಮ್ಮದು. ಸೋತರೆ ಪಕ್ಕದ ಖಾನೆಗೆ ಹೋಗಬೇಡಿ! ಅದೇ ಖಾನೆಯನ್ನು ಮತ್ತೆ ನೋಡಿ. ಗೆದ್ದವರು ಬರೆದದ್ದು ನಿಮ್ಮದೇ ಕೀ ಆಗಿರಬಹುದು. ಮುಂದೆ ಹೋದರೆ ಒಂದೇ ಕೀಗೆ ಎರಡು ದಾಖಲೆಗಳಾಗುತ್ತವೆ.

ಗೆದ್ದ ಮೇಲಿನ ಕ್ರಮವನ್ನು ಹಿಂದುಮುಂದು ಮಾಡಬಾರದು. ದಾಸ್ತಾನಿನಿಂದ ಒಂದು ದಾಖಲೆ ತೆಗೆದುಕೊಳ್ಳಿ, ಅದರೊಳಗೆ ಪೂರ್ತಿ ಕೀ ಬರೆಯಿರಿ, ಬಳಿಕ ಬರಹಗಳ ಕ್ರಮ ಕಾಯುವ ರೈಟ್ ಬ್ಯಾರಿಯರ್ ಹಾಕಿ, ಕೊನೆಗೆ ಖಾನೆಯಲ್ಲಿ ಪಾಯಿಂಟರ್ ಇಡಿ. ಬ್ಯಾರಿಯರ್ ಇಲ್ಲದಿದ್ದರೆ ಪಾಯಿಂಟರ್ ಮೊದಲು ಕಂಡು ಕೀ ಆಮೇಲೆ ಕಾಣುವ ಸಾಧ್ಯತೆ ಇದೆ. ‘ಲಾಕ್ ಬೇಡದ ವೇಗದ ಟೇಬಲ್’ ಎಂದು ಹಂಚಿಕೆಯಾಗುವ ಸಿದ್ಧ ಕೋಡ್‌ಗಳಲ್ಲಿ ಈ ಒಂದು ಸಾಲು ಕಾಣೆಯಾಗಿರುವುದನ್ನು ಹಲವು ಬಾರಿ ನೋಡಿದ್ದೇನೆ. ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಬರಹಗಳು ಬರೆದ ಕ್ರಮದಲ್ಲೇ ಇತರ ಸಿಪಿಯುಗಳಿಗೆ ಕಾಣುವುದರಿಂದ ತಪ್ಪು ತಿಂಗಳುಗಟ್ಟಲೆ ಅಡಗಿರುತ್ತದೆ. ಅದೇ ಕೋಡನ್ನು ಆರ್ಮ್ ಬೋರ್ಡ್ ಮೇಲೆ ಓಡಿಸಿದಾಗ ಆ ಭರವಸೆ ಇರುವುದಿಲ್ಲ. ಅಂಥ ಕೋಡನ್ನು ನಕಲು ಮಾಡಬೇಡಿ.

ಉಳಿದದ್ದು ನಾಲ್ಕನೇ ಸನ್ನಿವೇಶ: ನಮ್ಮದೇ ಹ್ಯಾಶ್ ಇದೆ, ಪಾಯಿಂಟರ್ ಇನ್ನೂ ಬಂದಿಲ್ಲ. ಅಂದರೆ ಯಾರೋ ಖಾನೆ ಹಿಡಿದು ದಾಖಲೆ ಬರೆಯುತ್ತಿದ್ದಾರೆ, ಬಹುಶಃ ನಮ್ಮದೇ ಕೀಗೆ. ಅವರು ಮುಗಿಸುವ ತನಕ ಅಲ್ಲೇ ಸುತ್ತುತ್ತ ಕಾಯಬೇಕು, ಆದರೆ ಕಾಯುವುದಕ್ಕೆ ಮಿತಿ ಇರಲೇಬೇಕು. ಮಿತಿ ಏಕೆ ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ‘ವೇಗಕ್ಕಾಗಿ’ ಎನ್ನುತ್ತಾರೆ. ಕಾರಣ ಅದಕ್ಕಿಂತ ಗಂಭೀರವಾದದ್ದು. ಖಾನೆ ಹಿಡಿದವನು ನಮ್ಮದೇ ಸಿಪಿಯು ಮೇಲಿದ್ದು, ಅವನ ಕೆಲಸವನ್ನು ಅರ್ಧಕ್ಕೆ ತಡೆದು ಬಂದ ಎನ್‌ಎಂಐ ನಾವೇ ಆಗಿದ್ದರೆ? ನಾವು ಮರಳದೆ ಅವನು ಮುಗಿಸುವುದಿಲ್ಲ, ಅವನು ಮುಗಿಸದೆ ನಾವು ಮರಳುವುದಿಲ್ಲ. ಆ ಸಿಪಿಯು ಅಲ್ಲಿಗೆ ಮುಗಿಯಿತು. ಆದ್ದರಿಂದ ಇಂತಿಷ್ಟು ಸುತ್ತು ಎಂದು ಎಣಿಸಿ, ಅದು ಮೀರಿದರೆ ‘ಬಿಟ್ಟುಹೋದವು’ ಎಂಬ ಲೆಕ್ಕಕ್ಕೆ ಒಂದು ಸೇರಿಸಿ ಹೊರಬನ್ನಿ. ಟ್ರೇಸಿಂಗ್ ಮ್ಯಾಪ್ ಖಾನೆಗಳ ಸಂಖ್ಯೆಯಷ್ಟು ಸುತ್ತು ಕಾಯುತ್ತದೆ.

ನಾಲ್ಕನೇ ಹಂತ: ದಾಸ್ತಾನು ಬರಿದಾದಾಗ

ದಾಖಲೆಗಳನ್ನು ಒಂದೊಂದಾಗಿ ಕೊಡಲು ‘ಮುಂದಿನ ಸಂಖ್ಯೆ’ ಎಂಬ ಒಂದು ಅಟಾಮಿಕ್ ಎಣಿಕೆ, ಅಂದರೆ ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಏರುವ ಎಣಿಕೆ ಸಾಕು. ಮಿತಿ ಮುಟ್ಟಿದ ಮೇಲೆ ಅದನ್ನು ಏರಿಸುವುದನ್ನು ನಿಲ್ಲಿಸಿ. ಏರುತ್ತಲೇ ಹೋದರೆ ಸುಮಾರು 429 ಕೋಟಿ ಸಲದ ನಂತರ 32 ಬಿಟ್‌ನ ಸಂಖ್ಯೆ ಮತ್ತೆ ಸೊನ್ನೆಗೆ ಬರುತ್ತದೆ, ಆಗಲೇ ಬಳಕೆಯಲ್ಲಿರುವ ದಾಖಲೆಯನ್ನು ಇನ್ನೊಬ್ಬರ ಕೈಗೆ ಇಡುತ್ತದೆ.

ಖಾನೆ ಹಿಡಿದ ಮೇಲೆ ದಾಖಲೆ ಸಿಗದಿದ್ದರೆ ಖಾನೆಗೆ ಮತ್ತೆ ಸೊನ್ನೆ ಬರೆದು, ಬಿಟ್ಟುಹೋದವುಗಳ ಲೆಕ್ಕ ಏರಿಸಿ ಮರಳಬೇಕು. ಇದರಲ್ಲೊಂದು ಸೂಕ್ಷ್ಮವಿದೆ. ನಾವು ಖಾನೆ ಹಿಡಿದಿದ್ದ ಆ ಕ್ಷಣದಲ್ಲಿ ಇನ್ನೊಂದು ಕೀ ನಮ್ಮನ್ನು ದಾಟಿ ಪಕ್ಕದ ಖಾನೆಯಲ್ಲಿ ಕೊನೆಯ ದಾಖಲೆ ಪಡೆದು ಕುಳಿತಿರಬಹುದು. ನಾವು ಖಾನೆ ತೆರವು ಮಾಡಿದರೆ ಮುಂದೆ ಆ ಕೀಯನ್ನು ಹುಡುಕುವವರು ಖಾಲಿ ಖಾನೆ ಕಂಡು ‘ಇಲ್ಲ’ ಎಂದು ತೀರ್ಮಾನಿಸುತ್ತಾರೆ. ಅದರ ಘಟನೆಗಳೂ ಬಿಟ್ಟುಹೋಗುತ್ತವೆ. ಬಿಟ್ಟುಹೋದ ಲೆಕ್ಕ ಒಂದಾದರೂ ಇದ್ದರೆ ಆ ಫಲಿತಾಂಶವನ್ನು ನಾನು ಬಳಸುವುದಿಲ್ಲ, ಟೇಬಲ್ ಗಾತ್ರವನ್ನು ಎರಡರಷ್ಟು ಮಾಡಿ ಮತ್ತೆ ಓಡಿಸುತ್ತೇನೆ. ಬಿಟ್ಟುಹೋದದ್ದನ್ನು ಎಣಿಸದ, ತೋರಿಸದ ಯಾವ ಸಾಧನವನ್ನೂ ಕೊಳ್ಳಬೇಡಿ, ಪುಕ್ಕಟೆ ಕೊಟ್ಟರೂ ಬಳಸಬೇಡಿ.

ಐದನೇ ಹಂತ: ಮೊತ್ತಗಳು

ಮೊತ್ತಗಳು 64 ಬಿಟ್‌ನ ಅಟಾಮಿಕ್ ಸಂಖ್ಯೆಗಳಾಗಿರಲಿ. ಬೈಟ್‌ಗಳನ್ನು ಕೂಡಿಸುವಾಗ 32 ಬಿಟ್ 4 ಗಿಗಾಬೈಟ್‌ಗೇ ತುಂಬಿ ಸುತ್ತಿಬರುತ್ತದೆ. ಒಂದೇ ಕೀಗೆ ಎಲ್ಲ ಸಿಪಿಯುಗಳೂ ಮುಗಿಬಿದ್ದರೆ ಪ್ರತಿ ಸಿಪಿಯುಗೆ ಬೇರೆ ಟೇಬಲ್ ಕೊಡಬಹುದು. ಎಂಟು ಸಿಪಿಯುಗಳಿಗೆ ನಮ್ಮ 192 ಕಿಲೋಬೈಟ್ ಒಂದೂವರೆ ಮೆಗಾಬೈಟ್ ಆಗುತ್ತದೆ, ಓದುವಾಗ ಎಲ್ಲವನ್ನೂ ಕೂಡಿಸಬೇಕು. ನನ್ನ ಸಲಹೆ: ಮೊದಲು ಒಂದೇ ಟೇಬಲ್ ಮಾಡಿ, ಅಳೆದು ನೋಡಿ, ನಿಧಾನ ಎಂದು ಕಂಡರೆ ಮಾತ್ರ ಬೇರ್ಪಡಿಸಿ.

ಓದುವುದು, ವಿಂಗಡಿಸುವುದು ಸುಲಭ. ಪಾಯಿಂಟರ್ ಇರುವ ಖಾನೆಗಳನ್ನು ಮಾತ್ರ ಬೇರೆ ಪಟ್ಟಿಗೆ ನಕಲಿಸಿ ಅಲ್ಲಿ ವಿಂಗಡಿಸಿ. ಓದುವ ಕೋಡ್ ಸಾಮಾನ್ಯ ಸ್ಥಿತಿಯಲ್ಲಿ ನಡೆಯುವುದರಿಂದ ಅಲ್ಲಿ ಮೆಮೊರಿ ಕೇಳಿದರೂ ತೊಂದರೆಯಿಲ್ಲ.

ಪರೀಕ್ಷೆ

ಕರ್ನಲ್‌ಗೆ ಹಾಕುವ ಮೊದಲು ಇದೇ ಕೋಡನ್ನು ಸಾಮಾನ್ಯ ಪ್ರೋಗ್ರಾಮ್ ಆಗಿ ಓಡಿಸಿ. 256 ದಾಖಲೆಗಳ ಟೇಬಲ್, 200 ಕೀಗಳು, ಎಂಟು ಥ್ರೆಡ್‌ಗಳು, ಪ್ರತಿ ಥ್ರೆಡ್ ಒಂದು ಲಕ್ಷ ಸಲ ಯಾದೃಚ್ಛಿಕ ಕೀಗೆ ಒಂದನ್ನು ಕೂಡಿಸಲಿ. ಎಲ್ಲ ಕೀಗಳ ಮೊತ್ತ ಮತ್ತು ಬಿಟ್ಟುಹೋದವು ಸೇರಿ ಸರಿಯಾಗಿ ಎಂಟು ಲಕ್ಷ ಬರಬೇಕು, ಯಾವ ಕೀಯೂ ಎರಡು ಸಾಲಿನಲ್ಲಿ ಕಾಣಬಾರದು. ಆಮೇಲೆ ದಾಖಲೆಗಳನ್ನು 128ಕ್ಕೆ ಇಳಿಸಿ, ಉದ್ದೇಶಪೂರ್ವಕವಾಗಿ ಬರಿದಾಗಿಸಿ ಮತ್ತೆ ಓಡಿಸಿ. ಈಗ ಬಿಟ್ಟುಹೋದವುಗಳ ಲೆಕ್ಕ ದೊಡ್ಡದಿರುತ್ತದೆ, ಆದರೂ ಒಟ್ಟು ಎಂಟು ಲಕ್ಷವೇ ಆಗಬೇಕು. ಒಂದೇ ಒಂದು ಕಡಿಮೆ ಬಂದರೂ ಮೂರನೇ ಹಂತಕ್ಕೆ ಮರಳಿ, ಕಂಪೇರ್-ಎಕ್ಸ್‌ಚೇಂಜ್ ಸೋತಾಗ ಮತ್ತು ಕಾಯುವ ಮಿತಿ ಮೀರಿದಾಗ ಹೊರಬರುವ ಸಾಲುಗಳನ್ನು ನೋಡಿ. ಲೆಕ್ಕ ಏರಿಸದೆ ಮರಳುವ ದಾರಿ ಅಲ್ಲೆಲ್ಲೋ ಉಳಿದಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿಬಂದ ಮೇಲೆ ಒಂದು ಆರ್ಮ್ ಬೋರ್ಡ್ ಮೇಲೆ ಇಡೀ ರಾತ್ರಿ ಓಡಲು ಬಿಡಿ. ಬೆಳಗ್ಗೆ ಅಂಕಿಗಳು ಹೊಂದಿದರೆ ಕರ್ನಲ್‌ಗೆ ಹಾಕಬಹುದು.