ಎರೆ ನೆಲದ ಹಿತ್ತಲಿಗೆ ಒಂದು ವರ್ಷದ ಲೆಕ್ಕ
ಗದಗ ಭಾಗದಲ್ಲಿ ಹಿತ್ತಲಿನಲ್ಲಿ ಕಾಯಿಪಲ್ಯೆ ಬೆಳೆಯಲು ಹೊರಡುವವರು ಸಾಮಾನ್ಯವಾಗಿ ಮೊದಲ ಮಳೆ ಬಿದ್ದ ಮರುದಿನ ಗುದ್ದಲಿ ಹಿಡಿಯುತ್ತಾರೆ. ಎರೆ ಮಣ್ಣಿಗೆ, ಅಂದರೆ ಕಪ್ಪು ಜಿಗುಟು ನೆಲಕ್ಕೆ, ಅದು ತಪ್ಪು ದಿನ. ಹಸಿ ಎರೆಯನ್ನು ಅಗೆದರೆ ಅದು ಗುದ್ದಲಿಗೆ ಮೆತ್ತಿಕೊಳ್ಳುವುದಲ್ಲದೆ, ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಯಾಗಿ ಎಳೆ ಬೇರಿಗೆ ದಾರಿಯನ್ನೇ ಬಿಡುವುದಿಲ್ಲ. ಆದ್ದರಿಂದ ನೆಲ ಬಿರಿದು ನಿಂತಿರುವ ಮೇ ತಿಂಗಳಿನಲ್ಲಿಯೇ ಕೆಲಸ ಆರಂಭಿಸಬೇಕು.

ಎರಡೂ ಬದಿಯಿಂದ ಕೈ ಎಟುಕುವಂತೆ 3 ಅಡಿ ಅಗಲದ ಮಡಿಗಳನ್ನು ಗುರುತಿಸಿ, ಹೆಂಟೆಗಳನ್ನು ಒಡೆದು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನು ಎರಡು ಬೆರಳು ದಪ್ಪ ಹರಡಿ ಬೆರೆಸಬೇಕು. ಮಳೆನೀರು ನಿಲ್ಲದಂತೆ ಮಡಿ ಒಂದು ಗೇಣು ಎತ್ತರವಿರಲಿ. ಮರಳು ಹಾಕಿದರೆ ಮಣ್ಣು ಹಗುರಾಗುತ್ತದೆ ಎಂಬ ಮಾತು ನಂಬಿ ನಾನು ಒಂದು ವರ್ಷ ನಾಲ್ಕು ಬುಟ್ಟಿ ಸುರಿದು, ಇಡೀ ಮಡಿಯನ್ನು ಗಾರೆಯ ಹಾಗೆ ಬಿಗಿ ಮಾಡಿಕೊಂಡಿದ್ದೆ. ಎರೆಯನ್ನು ಸಡಿಲಿಸುವುದು ಗೊಬ್ಬರವೇ ಹೊರತು ಹಿಡಿ ಮರಳಲ್ಲ.

ಜೂನ್ ಮೊದಲ ವಾರ ದಾಟಿ ಮಿರಗ (ಮೃಗಶಿರಾ) ಮಳೆ ಹಿಡಿದಾಗ ಬೆಂಡೆ, ಚವಳಿ (ಗೋರಿಕಾಯಿ), ಹೀರೆ ಬೀಜಗಳನ್ನು ಊರಬಹುದು. ಹೀರೆಬಳ್ಳಿಗೆ ಮೊದಲೇ ಚಪ್ಪರ ಕಟ್ಟಿಡಬೇಕು. ಕೊತ್ತಂಬರಿ, ಪಾಲಕದಂಥ ಸೊಪ್ಪುಗಳು ಜಿಟಿಜಿಟಿ ಮಳೆಗೆ ಕೊಳೆಯುವುದರಿಂದ ಅವಸರ ಬೇಡ.

ನಿಜವಾದ ಸುಗ್ಗಿ ಹಿಂಗಾರಿಯದು. ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಬೀಳುತ್ತಿದ್ದಂತೆ ಮೆಂತ್ಯೆ, ಸಬ್ಬಸಿಗೆ, ಪಾಲಕ, ಮೂಲಂಗಿ ಬಿತ್ತಿ, ತಿಂಗಳು ಮೊದಲೇ ಎಬ್ಬಿಸಿಟ್ಟ ಬದನೆ, ಟೊಮೆಟೊ ಸಸಿಗಳನ್ನು ನಾಟಿ ಮಾಡಬೇಕು. ಒಂದು ಮಡಿಯನ್ನು ಕಡಲೆಗೆ ಮೀಸಲಿಡುವುದು ನನ್ನ ಪದ್ಧತಿ. ಎರೆಯೊಳಗೆ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿಯೇ ಅದು ಬೆಳೆಯುತ್ತದೆ, ಕುಡಿ ಚಿವುಟಿ ಪಲ್ಯೆಗೆ ತೆಗೆದಷ್ಟೂ ಗಿಡ ಕವಲೊಡೆಯುತ್ತದೆ.

ಫೆಬ್ರವರಿಯ ನಂತರ ಹೊಸ ಬೆಳೆಯ ಆಸೆ ಬಿಟ್ಟು, ಇದ್ದ ಬದನೆ, ಮೆಣಸಿನ ಗಿಡಗಳನ್ನು ಉಳಿಸಿಕೊಳ್ಳುವತ್ತ ಗಮನ ಕೊಡುವುದು ಜಾಣತನ. ಇಲ್ಲಿ ನೆರವಿಗೆ ಬರುವುದು ಮಣ್ಣಿನ ಗಡಿಗೆ. ಬಣ್ಣ ಬಳಿಯದ, 5-6 ಲೀಟರ್ ಹಿಡಿಯುವ ಗಡಿಗೆಯನ್ನು ಗಿಡಗಳ ನಡುವೆ ಕತ್ತಿನವರೆಗೆ ಹೂಳಿ, ನೀರು ತುಂಬಿ, ಸೊಳ್ಳೆ ಸೇರದಂತೆ ಬಾಯಿ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ಗಡಿಗೆಯ ಮೈಯಿಂದ ಜಿನುಗಿ ನೇರವಾಗಿ ಬೇರಿಗೆ ಸೇರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ತುಂಬಿದರೆ ಸಾಕು. ಮೇಲೆ ಜೋಳದ ಕಣಿಕೆ ಅಥವಾ ಶೇಂಗಾ ಹೊಟ್ಟಿನ ಹೊದಿಕೆ ಹಾಸಿದರೆ ಬಿರುಕುಗಳ ಮೂಲಕ ತೇವ ಹಾರುವುದು ತಗ್ಗುತ್ತದೆ.

ನೀರು ಕೊಡುವ ಮುನ್ನ ಬೆರಳನ್ನು ಮಣ್ಣಿನೊಳಗೆ ಇಳಿಸಿ ನೋಡಬೇಕು. ಎರೆಯ ಮೇಲ್ಮೈ ಬೂದಿಯಂತೆ ಕಂಡರೂ ಎರಡು ಅಂಗುಲ ಕೆಳಗೆ ತಂಪು ಸಿಕ್ಕರೆ ಆ ದಿನ ನೀರು ಬೇಡ.

ಕೊಳವೆಬಾವಿಯ ಗಡಸು ನೀರು ಬಳಸುವವರ ಗಡಿಗೆಯ ಮೈಮೇಲೆ ವರ್ಷ ಕಳೆಯುವುದರೊಳಗೆ ಬಿಳಿ ಉಪ್ಪು ಕಟ್ಟಿ ರಂಧ್ರಗಳು ಮುಚ್ಚುತ್ತವೆ. ಮೇ ತಿಂಗಳಿನಲ್ಲಿ ಮಡಿ ಅಗೆಯುವಾಗ ಅದನ್ನೂ ಹೊರತೆಗೆದು, ತೆಂಗಿನ ನಾರಿನಿಂದ ಉಜ್ಜಿ, ನೀರು ತುಂಬಿ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಹೊರಮೈ ಬೆವರದಿದ್ದರೆ ಹೊಸ ಗಡಿಗೆ ತರುವುದೇ ಸರಿ.