ಎಲೆ ಚಂದ, ಗೆಡ್ಡೆ ಇಲ್ಲ: ನಮ್ಮ ಹುಳಿ ಮಣ್ಣಿನಲ್ಲಿ ಬೀಟ್‌ರೂಟ್

ಶಿರಸಿ ಕಡೆ ಹಿತ್ತಿಲಲ್ಲಿ ಬೀಟ್‌ರೂಟ್ ಹಾಕಿದವರ ದೂರು ಹೆಚ್ಚಾಗಿ ಒಂದೇ. ಸೊಪ್ಪು ಬಂತು, ಗೆಡ್ಡೆ ಬರಲಿಲ್ಲ. ಬೀಜದ ಪ್ಯಾಕೆಟ್‌ಗೆ ಬೈದು ಮುಂದಿನ ವರ್ಷ ಬೇರೆ ಬೀಜ ತರುತ್ತಾರೆ. ಮತ್ತೆ ಅದೇ ಕಥೆ. ನಾನು ಹಲವು ವರ್ಷಗಳಿಂದ ಬೀಟ್‌ರೂಟ್, ಕ್ಯಾರೆಟ್, ಮೂಲಂಗಿ ಬೆಳೆಯುತ್ತಿದ್ದೇನೆ. ಬೀಜದ ತಪ್ಪಿಗಿಂತ ಮಣ್ಣಿನ ಕೊರತೆಯೇ ನಮ್ಮಲ್ಲಿ ಜಾಸ್ತಿ. ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ.

ನಮ್ಮ ಮಳೆಯನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನೀರು ಮಣ್ಣಿನಲ್ಲಿರುವ ಸುಣ್ಣದ ಅಂಶ, ಮೆಗ್ನೀಷಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದಕ್ಕೇ ಮಣ್ಣು ಕೆಂಪು, ಅದಕ್ಕೇ ಹುಳಿ. ಅಡಿಕೆ, ಕಾಳುಮೆಣಸು, ಅನಾನಸ್ ಈ ಹುಳಿಯನ್ನು ಸಹಿಸುತ್ತವೆ. ಬೀಟ್‌ರೂಟ್ ಸಹಿಸುವುದಿಲ್ಲ. ಅದಕ್ಕೆ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6ರಿಂದ 7ರ ನಡುವೆ ಇರಬೇಕು. ಐದೂವರೆಗಿಂತ ಕೆಳಗಿದ್ದರೆ ಎಳೆ ಬೇರಿನ ತುದಿ ಮೊಂಡಾಗುತ್ತದೆ, ಗಿಡ ಅಲ್ಲಲ್ಲೇ ನಿಂತುಬಿಡುತ್ತದೆ.

ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆಗೆ ಕೊಡುವುದೇ ಒಳ್ಳೆಯದು. ಸುಮ್ನೆ ಅಂದಾಜಿನಲ್ಲಿ ಸುಣ್ಣ ಸುರಿಯಬೇಡಿ. ನಮ್ಮ ಮಣ್ಣು ಹುಳಿ ಅಂತ ಖಚಿತವಾದ ಮೇಲೆ ನಾನು ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ (ಸುಣ್ಣಕಲ್ಲಿನ ಪುಡಿ) ಹಾಕಿದೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಮುಕ್ಕಾಲು ಕೆಜಿ ಆಗುತ್ತದೆ. ಬಿತ್ತುವ ಎರಡು ಮೂರು ವಾರ ಮೊದಲೇ ಹಾಕಿ, ಮಣ್ಣಿಗೆ ಚೆನ್ನಾಗಿ ಬೆರೆಸಿ, ನೀರು ಕೊಡಬೇಕು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಸುಣ್ಣ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಅದು ಜಾಸ್ತಿ ಖಾರ, ಹಾಗಾಗಿ ಅರ್ಧದಷ್ಟು ಸಾಕು. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಂದೇ ದಿನ ಬೆರೆಸಬೇಡಿ. ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಮೊದಲು ಸುಣ್ಣ, ಎರಡು ವಾರ ಬಿಟ್ಟು ಗೊಬ್ಬರ.

ಬಚ್ಚಲ ಒಲೆಯ ಬೂದಿಯೂ ಇದೇ ಕೆಲಸ ಮಾಡುತ್ತದೆ, ಸುಣ್ಣದಷ್ಟು ಬಲವಾಗಿ ಅಲ್ಲ. ಅದರಲ್ಲಿ ಪೊಟ್ಯಾಷ್ ಇದೆ, ಗೆಡ್ಡೆ ತುಂಬಲು ಅದು ಬೇಕೇ ಬೇಕು. ಕಟ್ಟಿಗೆ ಉರಿಸಿದ ಬೂದಿ ಮಾತ್ರ. ಪ್ಲಾಸ್ಟಿಕ್ ಸುಟ್ಟ ಒಲೆಯದ್ದು ಬೇಡ.

ಗೊಬ್ಬರದ ವಿಷಯ. ನಮ್ಮ ಕಡೆ ಗೊಬ್ಬರಕ್ಕೆ ಕೊರತೆ ಇಲ್ಲ. ತೊಂದರೆ ಶುರುವಾಗುವುದೂ ಅಲ್ಲೇ. ಹಸಿ ಸಗಣಿ, ಅರೆಬರೆ ಕಳಿತ ಗೊಬ್ಬರ ಹಾಕಿದರೆ ಸಾರಜನಕ ಮಿತಿಮೀರಿ ಎಲ್ಲ ಶಕ್ತಿಯೂ ಎಲೆಗೆ ಹೋಗುತ್ತದೆ. ಎಲೆ ಕಡು ಹಸಿರಾಗಿ, ಮೊಣಕಾಲೆತ್ತರ ಬೆಳೆದಿದೆ, ಬುಡದಲ್ಲಿ ಮಾತ್ರ ಬೆರಳು ದಪ್ಪದ ಬೇರು ಇದೆ ಅಂದರೆ ಕಾರಣ ಇದು, ಇಲ್ಲವೇ ನೆರಳು. ವರ್ಷ ಹಳೆಯದಾದ, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವ ಗೊಬ್ಬರ ಬೇಕು. ವಾಸನೆ ಇರಬಾರದು.

ನೆರಳಿನ ಕಷ್ಟ ಅಡಿಕೆ ಸೀಮೆಯವರಿಗೆ ಚೆನ್ನಾಗಿ ಗೊತ್ತು. ತೋಟದೊಳಗೆ ಬೀಟ್‌ರೂಟ್ ಬೆಳೆಯುವ ಆಸೆ ಬಿಟ್ಟುಬಿಡಿ. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗ ಮನೆ ಸುತ್ತ ಒಂದೇ, ಅದು ಅಂಗಳ. ಆದರೆ ಬೀಟ್‌ರೂಟಿನ ಕಾಲಕ್ಕೆ ಸರಿಯಾಗಿ ಅಲ್ಲಿ ಅಡಿಕೆ ಹರಡಿರುತ್ತದೆ! ನಾನು ಅಂಗಳದ ಅಂಚಿನ ಉದ್ದಕ್ಕೂ ಕಲ್ಲು ಜೋಡಿಸಿ ಒಂದಡಿ ಎತ್ತರದ ಮಡಿ ಮಾಡಿಕೊಂಡೆ. ಎತ್ತರದ ಮಡಿಯಲ್ಲಿ ನೀರು ನಿಲ್ಲುವುದಿಲ್ಲ. ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಇದ್ದರೂ ಬೇರಿಗೆ ಇಳಿಯಲು ಜಾಗ ಸಿಗುತ್ತದೆ. ಮಣ್ಣನ್ನು ಜರಡಿ ಹಿಡಿದೇ ತುಂಬಿಸಿದ್ದು. ಬೀಟ್‌ರೂಟ್ ಸಣ್ಣ ಹರಳನ್ನು ಸಹಿಸಿಕೊಳ್ಳುತ್ತದೆ. ಕ್ಯಾರೆಟ್ ಹಾಗಲ್ಲ, ಕಲ್ಲು ತಾಗಿದಲ್ಲಿ ಕವಲೊಡೆಯುತ್ತದೆ.

ಇನ್ನು ಸಸಿ ಕೀಳುವ ಕೆಲಸ. ಬೀಟ್‌ರೂಟಿನ ಒಂದು ಬೀಜ ಅಂತ ನಾವು ಊರುವುದು ನಿಜವಾಗಿ ಒಂದು ಗೊಂಚಲು. ಅದರೊಳಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೀಜ ಇರುತ್ತವೆ. ಎಷ್ಟೇ ದೂರ ದೂರ ಊರಿದರೂ ಸಸಿ ಗುಂಪಾಗಿಯೇ ಬರುತ್ತದೆ. ಗುಂಪಿನಲ್ಲಿ ಒಂದನ್ನೇ ಉಳಿಸಿ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು ಬಿಡದಿದ್ದರೆ ಯಾವುದಕ್ಕೂ ಸರಿಯಾಗಿ ಗೆಡ್ಡೆ ಕಟ್ಟುವುದಿಲ್ಲ. ನಮ್ಮ ಅತ್ತೆಯವರಿಗೆ ಇದು ಸುತಾರಾಂ ಒಪ್ಪಿಗೆಯಿಲ್ಲ. "ಚೆನ್ನಾಗಿ ಬಂದ ಸಸಿ ಕೀಳ್ತಾರಾ ಮಾರಾಯ್ತಿ?" ಅನ್ನುತ್ತಾರೆ. ಕಿತ್ತ ಸಸಿ ಮಧ್ಯಾಹ್ನ ತಂಬುಳಿಯಾಗಿ ಬಾಳೆಲೆಗೆ ಬಂದರೆ ಮಾತ್ರ ಬೇಡ ಅನ್ನುವುದಿಲ್ಲ. ಕೀಳುವಾಗ ಉಳಿಯುವ ಸಸಿಯ ಬೇರು ಅಲುಗುತ್ತದೆ. ಅದಕ್ಕೇ ನಾನು ಬುಡಕ್ಕೆ ಕತ್ತರಿ ಹಾಕುತ್ತೇನೆ.

ಈಗ ಜಾಸ್ತಿ ಜನ ಗುರುತಿಸದ ತೊಂದರೆ ಹೇಳುತ್ತೇನೆ. ಹೊರಗಿಂದ ಗೆಡ್ಡೆ ಚೆನ್ನಾಗಿದೆ. ಕೊಯ್ದರೆ ಒಳಗೆ ಕಪ್ಪು ಕಪ್ಪು, ಗಟ್ಟಿ ಕಲೆ. ಗಿಡದ ನಡುವಿನ ಎಳೆ ಎಲೆಗಳು ಸಣ್ಣದಾಗಿ, ತಿರುಚಿಕೊಂಡು, ಕೊನೆಗೆ ಕಪ್ಪಾಗುತ್ತವೆ. ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ರೋಗ ಅಲ್ಲ, ಬೋರಾನ್ ಎಂಬ ಪೋಷಕಾಂಶದ ಕೊರತೆ. ಬೋರಾನ್ ಕೂಡ ಮಳೆಯಲ್ಲಿ ಸುಲಭವಾಗಿ ತೊಳೆದುಹೋಗುವಂಥದ್ದು. ಬೀಟ್‌ರೂಟಿಗೆ ಅದು ಉಳಿದ ತರಕಾರಿಗಿಂತ ಹೆಚ್ಚು ಬೇಕು. ಮೂಲಂಗಿಯಲ್ಲೂ ಇದೇ ಕೊರತೆಗೆ ಒಳಗಡೆ ಕಂದು ಬಣ್ಣ ಬರುತ್ತದೆ. ಇಲ್ಲೊಂದು ತೊಡಕಿದೆ. ಹುಳಿ ಹೋಗಲಿ ಅಂತ ಸುಣ್ಣ ಅತಿಯಾಗಿ ಹಾಕಿದರೆ ಇರುವ ಬೋರಾನ್ ಕೂಡ ಬೇರಿಗೆ ಸಿಗುವುದಿಲ್ಲ. ಮಣ್ಣು ಒಣಗಿ ಬಿರಿದರೂ ಸಿಗುವುದಿಲ್ಲ.

ಬೋರಾನ್ ಕೊಡಲು ತೆಂಗಿನ ಮರಕ್ಕೆ ಹಾಕುವ ಬೋರಾಕ್ಸ್ ಪುಡಿ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಚದರ ಮೀಟರಿಗೆ ಒಂದು ಗ್ರಾಂ ಲೆಕ್ಕ. ಮೇಲೆ ಹೇಳಿದ ಮಡಿಗೆ ನಾಲ್ಕು ಗ್ರಾಂ ಆಸುಪಾಸು, ಅಂದರೆ ತಲೆ ಸವರಿದ ಒಂದು ಟೀ ಚಮಚಕ್ಕಿಂತ ಹೆಚ್ಚಲ್ಲ. ಬಿಸಿ ನೀರಿನಲ್ಲಿ ಕರಗಿಸಿ, ಒಂದು ಕೊಡ ತಣ್ಣೀರಿಗೆ ಬೆರೆಸಿ, ಬಿತ್ತುವ ಮೊದಲು ಇಡೀ ಮಡಿಗೆ ಸಮನಾಗಿ ಹಾಕುತ್ತೇನೆ. ಕೈ ಬಿಗಿ ಇರಲಿ. ಬೋರಾನ್ ಸ್ವಲ್ಪ ಜಾಸ್ತಿಯಾದರೂ ವಿಷ. ಅದೇ ಮಡಿಯಲ್ಲಿ ಆಮೇಲೆ ಹಾಕುವ ಹುರುಳಿಕಾಯಿ ಎಲೆ ಅಂಚು ಸುಟ್ಟುಕೊಳ್ಳುತ್ತದೆ.

ಕೊಯ್ದಾಗ ಬಿಳಿ ಬಳೆಗಳು ಕಂಡರೆ ಹೆದರಬೇಡಿ. ಸೆಕೆ ಏರಿದಾಗ ಅಥವಾ ನೀರು ಒಂದು ದಿನ ಹೆಚ್ಚು, ಒಂದು ದಿನ ಇಲ್ಲ ಅಂತಾದಾಗ ಹೀಗಾಗುತ್ತದೆ. ರುಚಿ ಸ್ವಲ್ಪ ಸಪ್ಪೆ, ಸಾಸಿವೆ ಅರೆದು ಮೊಸರು ಬೆರೆಸುವ ಸಾಸ್ಮೆಗೆ ಧಾರಾಳವಾಗಿ ನಡೆಯುತ್ತದೆ. ಗೆಡ್ಡೆ ಸೀಳುವುದೂ ನೀರಿನ ಏರುಪೇರಿನಿಂದಲೇ. ಮಡಿಗೆ ದರಕು (ಒಣ ಎಲೆ) ಹೊದೆಸಿದ ಮೇಲೆ ನಮ್ಮಲ್ಲಿ ಸೀಳುವುದು ನಿಂತಿತು.

ಕರಾವಳಿಯ ಕಥೆ ಬೇರೆ. ನಮ್ಮ ಅಕ್ಕನ ಮನೆ ಅಂಕೋಲಾ ಹತ್ತಿರ. ಅಲ್ಲಿ ಮರಳು ಮಣ್ಣು, ಕ್ಯಾರೆಟ್ ಕೋಲಿನಂತೆ ನೇರ ಇಳಿಯುತ್ತದೆ. ಆದರೆ ಮರಳಿನಲ್ಲಿ ಬೇರುಗಂಟು ಜಂತುಹುಳು ಜಾಸ್ತಿ. ಕಿತ್ತಾಗ ಬೇರಿನ ತುಂಬ ಸಣ್ಣ ಸಣ್ಣ ಗಂಟು, ಮೈಯೆಲ್ಲ ಕೂದಲಿನಂಥ ಬೇರು ಇದ್ದರೆ ಅದರದ್ದೇ ಕೆಲಸ. ಕಲ್ಲಿಗೆ ತಾಗಿ ಕವಲಾದ ಕ್ಯಾರೆಟ್‌ನಲ್ಲಿ ಗಂಟು ಇರುವುದಿಲ್ಲ, ಹೀಗೆ ಗುರುತು ಹಿಡಿಯಬಹುದು. ಅಕ್ಕ ಆ ಮಡಿಗೆ ಒಂದು ಹಂಗಾಮು ಪೂರ್ತಿ ಚೆಂಡು ಹೂವನ್ನೇ ಒತ್ತಾಗಿ ಬೆಳೆದಳು. ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿ, ಬೇವಿನ ಹಿಂಡಿ ಹಾಕಿದಳು. ಗಂಟು ಪೂರ್ತಿ ಹೋಗಲಿಲ್ಲ, ತಿನ್ನುವಷ್ಟು ಕ್ಯಾರೆಟ್ ಬಂತು.

ಅವಳ ಬಾವಿ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಹತ್ತಿರ. ಫೆಬ್ರವರಿ ಕಳೆಯುವಾಗ ನೀರು ಉಪ್ಪಾಗುತ್ತದೆ. ಆಗ ಕ್ಯಾರೆಟ್ ಎಲೆ ತುದಿ ಸುಡುತ್ತದೆ, ಬೀಟ್‌ರೂಟ್ ಮಾತ್ರ ಹಾಯಾಗಿರುತ್ತದೆ. ಅದರ ಮೂಲ ಯುರೋಪಿನ ಕಡಲ ದಂಡೆಯಲ್ಲಿ ಬೆಳೆಯುವ ಕಾಡು ಬೀಟ್, ಉಪ್ಪು ಅದಕ್ಕೆ ಹೊಸದಲ್ಲ. ಮೊಳಕೆಯ ಹಂತದಲ್ಲಿ ಮಾತ್ರ ಸಿಹಿನೀರೇ ಬೇಕು. ಹಾಗಾಗಿ ಕಾರವಾರ, ಅಂಕೋಲಾ, ಕುಮಟಾದ ಹೊಳೆಯಂಚಿನವರು ನವೆಂಬರ್‌ನಲ್ಲೇ ಬಿತ್ತಿ, ಬಾವಿ ಸಿಹಿಯಿರುವಾಗಲೇ ಸಸಿ ದೊಡ್ಡದು ಮಾಡಿಕೊಳ್ಳಲಿ ಅನ್ನುತ್ತೇನೆ. ಈ ಬೆಳೆ ನಿಮಗೆ ಒಗ್ಗುತ್ತದೆ.

ಕಾಲದ ಬಗ್ಗೆ ನನಗೆ ಹಠವೇ ಇದೆ. ಮಳೆಗಾಲ ಕೆಸುವಿನದ್ದು, ಸುವರ್ಣಗೆಡ್ಡೆಯದ್ದು. ಆಗ ಬೀಟ್‌ರೂಟ್ ಬಿತ್ತಿದರೆ ಸಸಿ ಬುಡ ಕೊಳೆತು ಮಲಗುತ್ತದೆ. ಹಾಲಕ್ಕಿ ಒಕ್ಕಲಿಗರು ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ತರಕಾರಿಗೆ ಇಳಿಯುತ್ತಾರಲ್ಲ, ಅದೇ ಸರಿಯಾದ ಹೊತ್ತು. ನಾನು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತೇನೆ. ಬೀಟ್‌ರೂಟಿನಲ್ಲಿ ಡೆಟ್ರಾಯ್ಟ್ ಡಾರ್ಕ್ ರೆಡ್, ಮೂಲಂಗಿಯಲ್ಲಿ ಸೆಕೆ ತಡೆಯುವ ಪೂಸಾ ಚೇತ್ಕಿ ನಾನು ಹಾಕುವ ತಳಿಗಳು. ಕ್ಯಾರೆಟ್ ಬೀಜ ಮೊಳೆಯಲು ಹತ್ತು ಹದಿನೈದು ದಿನ ಬೇಕು, ಅಷ್ಟರಲ್ಲಿ ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟುತ್ತದೆ. ಬಿತ್ತಿದ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಳ್ಳುತ್ತದೆ.

ಎಲೆ ಮೇಲೆ ನಡುವೆ ಬೂದು ಬಣ್ಣ, ಸುತ್ತ ಕೆಂಪು ಅಂಚಿನ ಗುಂಡು ಚುಕ್ಕಿ ಬಂದರೆ ಅದು ಶಿಲೀಂಧ್ರ. ಇಬ್ಬನಿ ಜಾಸ್ತಿ ಬೀಳುವ ದಿನಗಳಲ್ಲಿ ನಮ್ಮಲ್ಲಿ ತಪ್ಪದೇ ಬರುತ್ತದೆ. ಚುಕ್ಕಿ ಇರುವ ಹೊರ ಎಲೆ ಕಿತ್ತು ಸುಟ್ಟು, ನೀರನ್ನು ಬುಡಕ್ಕೆ ಮಾತ್ರ, ಬೆಳಿಗ್ಗೆಯೇ ಕೊಟ್ಟರೆ ಹತೋಟಿಗೆ ಬರುತ್ತದೆ. ಮನೆಯಲ್ಲಿ ಬೋರ್ಡೋ ಇದೆ ಅಂತ ಹೊಡೆಯಬೇಡಿ, ಆ ಸೊಪ್ಪನ್ನು ನಾವು ತಿನ್ನುತ್ತೇವೆ. ಇನ್ನು ಮಂಗನ ಕಾಟಕ್ಕೆ ಮಡಿಯ ಮೇಲೆ ಬಲೆ ಹೊದೆಸುವುದು ಬಿಟ್ಟರೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಬಿತ್ತಿ ಎರಡು ತಿಂಗಳಾಗುತ್ತಾ ಬಂದಾಗ ಬುಡದ ಮಣ್ಣು ಬೆರಳಲ್ಲಿ ಸರಿಸಿ ನೋಡಿ. ಕ್ರಿಕೆಟ್ ಚೆಂಡಿಗಿಂತ ದೊಡ್ಡದಾಗಲು ಬಿಡಬೇಡಿ, ನಾರು ಕಟ್ಟುತ್ತದೆ. ಕಿತ್ತ ಮೇಲೆ ಎಲೆಯನ್ನು ಗೆಡ್ಡೆಗೆ ತಾಗಿಸಿ ಕೊಯ್ಯದೆ ಒಂದಿಂಚು ದಂಟು ಬಿಡಬೇಕು, ಬಾಲದಂಥ ಬೇರನ್ನೂ ತೆಗೆಯಬಾರದು. ಇಲ್ಲದಿದ್ದರೆ ಬೇಯಿಸುವಾಗ ಬಣ್ಣವೆಲ್ಲ ನೀರಿಗೆ ಹೋಗುತ್ತದೆ.