ಗಣಿತಕ್ಕೆ ಮುಂಚೆ 15 ನಿಮಿಷ ಕೆರೆ-ದಡ

ನಾನು ತುಮಕೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಪಿರಿಯಡ್ ಬಿಸಿಯೂಟ ಆದ ತಕ್ಷಣ ಬೀಳುತ್ತಿತ್ತು. ಹೊಟ್ಟೆ ತುಂಬಾ ಅನ್ನ-ಸಾರು ಉಂಡು ಬಂದ ಮಕ್ಕಳ ಮುಂದೆ ಭಿನ್ನರಾಶಿ. ಹಿಂದಿನ ಸಾಲಿನವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಮುಂದಿನ ಸಾಲಿನವರು ನನ್ನ ಮುಖ ನೋಡಿಕೊಂಡು ಸುಮ್ನೆ ಕಣ್ಣು ಬಿಟ್ಟುಕೊಂಡಿರುತ್ತಿದ್ದರು ಅಷ್ಟೇ. ಆಟದ ಪಿರಿಯಡ್ ಇತ್ತು, ಆದರೆ ಕೊನೆಯಲ್ಲಿ. ಆಡಿ, ಬೆವರಿ, ಕಣ್ಣು ಚುರುಕಾಗುವ ಹೊತ್ತಿಗೆ ಲಾಂಗ್ ಬೆಲ್. ಮನೆಗೆ.

ನಿದ್ದೆಗಿಂತ ಜಾಸ್ತಿ ನನ್ನ ತಲೆ ಕೆಡಿಸಿದ್ದು ಇನ್ನೊಂದು. ಸತತ ಮೂರು ಕೂಡೋ ಲೆಕ್ಕ ಕೊಟ್ಟು ನಾಲ್ಕನೇದಕ್ಕೆ 47 – 19 ಅಂತ ಬರೆದರೆ ಅರ್ಧ ಕ್ಲಾಸು 66 ಅಂತ ಬರೆಯುತ್ತಿತ್ತು. ಕಳೆಯೋದು ಬರಲ್ಲ ಅಂತಲ್ಲ. ಕರೆದು ಚಿಹ್ನೆ ತೋರಿಸಿದರೆ "ಅಯ್ಯೋ ಕಳೀಬೇಕಿತ್ತು ಮಿಸ್" ಅಂತ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕೈ ಮುಂದೆ ಓಡುತ್ತದೆ, ಅದನ್ನು ತಡೆಯೋಕೆ ತಲೆ ಎದ್ದಿರೋದಿಲ್ಲ.

ಅದೇ ಸಮಯಕ್ಕೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್ಮನ್ ಅನ್ನುವವರ ತಂಡ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಓದಿದೆ. ಒಂಬತ್ತು-ಹತ್ತು ವರ್ಷದ 20 ಮಕ್ಕಳು. ಒಂದು ದಿನ ಸುಮ್ನೆ ಕೂತಿದ್ದು ಪರೀಕ್ಷೆ, ಇನ್ನೊಂದು ದಿನ ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆದು ಪರೀಕ್ಷೆ. ಪರೀಕ್ಷೆ ಏನಪ್ಪಾ ಅಂದ್ರೆ, ಒಂದು ಸಾಲಿನಲ್ಲಿ ಐದು ಗುರುತು, ನಡುವಿನದು ಯಾವ ಕಡೆ ತಿರುಗಿದೆ ಅಂತ ಹೇಳಬೇಕು. ಅಕ್ಕಪಕ್ಕದವು ಉಲ್ಟಾ ತಿರುಗಿದ್ದರೆ ಕಣ್ಣು ಮೋಸ ಹೋಗುತ್ತದೆ. ನಡೆದ ದಿನ ಮಕ್ಕಳು ಕಡಿಮೆ ತಪ್ಪು ಮಾಡಿದರು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲೂ ಮುಂದಿದ್ದರು. ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಸಿಗಲಿಲ್ಲ! ಗಣಿತದ ಟೀಚರಿಗೆ ಇದಕ್ಕಿಂತ ನಿರಾಸೆ ಬೇಕಾ? ಆದರೆ ನನ್ನ 47 – 19ರ ರೋಗ ಲೆಕ್ಕದ್ದಲ್ಲ, ಅಕ್ಕಪಕ್ಕದ ಗುರುತಿಗೆ ಮೋಸ ಹೋಗುವ ರೋಗ. ನೋಡೇಬಿಡೋಣ ಅನ್ನಿಸಿತು.

ಮೊದಲ ಪ್ರಯತ್ನ ಪೂರಾ ಎಡವಟ್ಟು. ಊಟ ಆದ ಕೂಡಲೇ ಮೈದಾನ ನಾಲ್ಕು ಸುತ್ತು ಓಡಿಸಿದೆ. ಮೂರನೇ ಸುತ್ತಿಗೆ ಒಬ್ಬ ಹುಡುಗ ಬೇವಿನ ಮರದ ಬುಡದಲ್ಲಿ ಕೂತು ತಿಂದಿದ್ದನ್ನೆಲ್ಲ ವಾಂತಿ ಮಾಡಿದ. ಅಡುಗೆ ಅಮ್ಮ ಬಂದು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹೆಡ್ ಮೇಡಂ ಹತ್ತಿರ ಹೋಗಿ ಟೈಮ್ ಟೇಬಲ್ ಬದಲಿಸಿಕೊಂಡೆ. ಊಟದ ನಂತರ ಕನ್ನಡ, ಆಮೇಲೆ 15 ನಿಮಿಷ ಹೊರಗೆ, ಆಮೇಲೆ ಗಣಿತ.

ಎರಡನೇ ತಪ್ಪು ಬಸ್ಕಿ. ಜಾಗ ಬೇಡ, ಸಾಮಾನು ಬೇಡ, ಹತ್ತು ಬಸ್ಕಿ ಹೊಡೆದರೆ ಎದೆ ಡಬಡಬ ಅನ್ನುತ್ತದೆ ಅಂತ ನನ್ನ ಲೆಕ್ಕ. "ಎಲ್ಲರೂ ನಿಂತುಕೊಳ್ಳಿ, ಹತ್ತು ಬಸ್ಕಿ" ಅಂದೆ. ಮುಂದಿನ ಸಾಲಿನ ಹುಡುಗಿ ಮುಖ ಚಿಕ್ಕದು ಮಾಡಿಕೊಂಡು "ಮಿಸ್, ನಾವೇನ್ ತಪ್ಪು ಮಾಡಿದ್ವಿ?" ಅಂದಳು. ಅಷ್ಟು ವರ್ಷದಿಂದ ಹೋಂವರ್ಕ್ ಮಾಡದವರಿಗೆ ಅದನ್ನೇ ಹೊಡೆಸಿದ್ದು ನಾವೇ ಅಲ್ವಾ. ಅವತ್ತಿಗೇ ಕೈಬಿಟ್ಟೆ.

ಆಮೇಲೆ ಖೋ-ಖೋ. ಮಕ್ಕಳಿಗೆ ಖುಷಿ, ಆದರೆ ಕಟ್ಟೆ ಮೇಲೆ ನಿಂತು ಎಣಿಸಿದಾಗ ಗೊತ್ತಾಯಿತು: ಎಂಟು ಜನ ಕೂತಿರುತ್ತಾರೆ, ಒಬ್ಬ ಅಟ್ಟಿಸಿಕೊಂಡು ಹೋಗುತ್ತಾನೆ, ತಪ್ಪಿಸಿಕೊಳ್ಳುವವರು ಮೂವರು. ಉಳಿದ ಇಡೀ ಕ್ಲಾಸು ಕೂಗಾಡುತ್ತಾ ನಿಂತಿರುತ್ತದೆ. 15 ನಿಮಿಷದಲ್ಲಿ ಬೆವರು ಬರುವುದು ಬೆರಳೆಣಿಕೆ ಮಕ್ಕಳಿಗೆ.

ಕೊನೆಗೆ ಸಿಕ್ಕಿದ್ದು ನಮ್ಮ ಕೆರೆ-ದಡ. ಗೆರೆ ಎಳೆದು, "ಕೆರೆ" ಅಂದರೆ ಒಳಗೆ ಜಿಗಿ, "ದಡ" ಅಂದರೆ ಹೊರಗೆ ಜಿಗಿ. ಎಲ್ಲರೂ ಒಟ್ಟಿಗೆ ಜಿಗಿಯುತ್ತಾರೆ. ಅದರಲ್ಲೂ ಒಂದು ಹುಳುಕಿತ್ತು. ಔಟಾದವರು ಹೊರಗೆ ಕೂರುತ್ತಾರೆ, ಮತ್ತು ಮೊದಲು ಔಟಾಗುವುದು ಯಾರು? ನಿಧಾನದವರು, ದಪ್ಪಗಿರುವವರು, ಗಮನ ತಪ್ಪುವವರು. ಯಾರಿಗೆ ಈ ಆಟ ಬೇಕೋ ಅವರೇ ಕಟ್ಟೆ ಮೇಲೆ. ಅದಕ್ಕೆ ನಿಯಮ ಬದಲಿಸಿದೆ. ಔಟಾದವರು ಬೇವಿನ ಮರ ಮುಟ್ಟಿ ಓಡಿ ಬಂದು ಮತ್ತೆ ಸೇರಿಕೊಳ್ಳಬೇಕು. ಈಗ ಗಮನ ತಪ್ಪಿದವನಿಗೇ ಜಾಸ್ತಿ ಓಟ!

ಎರಡು ವಾರ ಆದಮೇಲೆ ಉಲ್ಟಾ ಶುರು ಮಾಡಿದೆ. "ಕೆರೆ" ಅಂದರೆ ಹೊರಗೆ, "ದಡ" ಅಂದರೆ ಒಳಗೆ. ಮೊದಲ ದಿನ ಇಡೀ ಸಾಲು ಡಿಕ್ಕಿ ಹೊಡೆದುಕೊಂಡು ನಗಾಡಿತು. ನಾನು ಕೂಗಿದ ಮೇಲೆ ಅರೆಕ್ಷಣ ಅವರ ಕಾಲು ಏಳುತ್ತದೆ, ನಿಲ್ಲುತ್ತದೆ, ಆಮೇಲೆ ಸರಿಯಾದ ಕಡೆ ಹೋಗುತ್ತದೆ. ಹಿಲ್ಮನ್ ಅವರ ಗುರುತಿನ ಸಾಲು ಇದೇ ಅಲ್ವಾ, ಕಾಲಿಗೆ ಬಂದಿದೆ ಅಷ್ಟೇ.

ಆಡಿಸಿದ ಮೇಲೆ ನೇರ ಒಳಗೆ ಕರೆಯಬೇಡಿ. ಆ ಅಧ್ಯಯನದಲ್ಲೂ ಎದೆಬಡಿತ ಇಳಿದ ಮೇಲೇ ಪರೀಕ್ಷೆ ಕೊಟ್ಟಿದ್ದು. ನಾನು ನೀರು ಕುಡಿಸಿ, ಐದು ನಿಮಿಷ ಮಗ್ಗಿ ಹೇಳಿಸುತ್ತೇನೆ. ಏದುಸಿರು ಬಿಡುವ ಮಗು ಪೆನ್ಸಿಲ್ ಸರಿಯಾಗಿ ಹಿಡಿಯುವುದೂ ಇಲ್ಲ.

ಏನು ಬದಲಾಯಿತು? ಆಡಿಸಿದ ದಿನಕ್ಕೂ ಆಡಿಸದ ದಿನಕ್ಕೂ ಬೇರೆ ಬೇರೆ ಪುಟ ಇಟ್ಟು, ಚಿಹ್ನೆ ತಪ್ಪುಗಳಿಗೆ ಮಾತ್ರ ಕೆಂಪು ಸುತ್ತು ಹಾಕುತ್ತಾ ಹೋದೆ. ಒಂದು ಟರ್ಮ್ ಮುಗಿಯುವ ಹೊತ್ತಿಗೆ ಎರಡು ಪುಟ ಪಕ್ಕಪಕ್ಕ ಇಟ್ಟರೆ ಕನ್ನಡಕ ಇಲ್ಲದೆಯೂ ವ್ಯತ್ಯಾಸ ಕಾಣುತ್ತಿತ್ತು. ಭಾಗಾಕಾರ ಬಾರದವರಿಗೆ ಮಾತ್ರ ಕೆರೆ-ದಡದಿಂದ ಭಾಗಾಕಾರ ಬರಲಿಲ್ಲ. ಅದನ್ನು ಕೂರಿಸಿಕೊಂಡೇ ಹೇಳಿಕೊಡಬೇಕಾಯಿತು. ಇದು ನನ್ನ ಒಂದು ಕ್ಲಾಸಿನ ಮಾತು, ಇದನ್ನು ಸಂಶೋಧನೆ ಅಂತ ಯಾರೂ ಕರೆಯಬೇಡಿ. ದೊಡ್ಡ ಪ್ರಯೋಗ ಬೇಕಾದರೆ ಅದೇ ಹಿಲ್ಮನ್ ತಂಡದ್ದು 2014ರಲ್ಲಿ ಬಂತು: ಏಳರಿಂದ ಒಂಬತ್ತು ವರ್ಷದ 221 ಮಕ್ಕಳು, ಒಂಬತ್ತು ತಿಂಗಳು, ಶಾಲೆ ಬಿಟ್ಟ ಮೇಲೆ ಆಟ-ವ್ಯಾಯಾಮ. ಗಮನ ಹಿಡಿದಿಡುವ, ಕೈ ತಡೆಯುವ ಶಕ್ತಿ ಹೆಚ್ಚಿತು. ಹೆಚ್ಚು ದಿನ ಬಂದವರಿಗೆ ಹೆಚ್ಚು ಲಾಭ. ಪರೀಕ್ಷೆಯ ಅಂಕ ಏರುತ್ತದಾ ಅನ್ನುವುದಕ್ಕೆ ಮಾತ್ರ ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಡುವುದಿಲ್ಲ. ಹಾಗಾಗಿ ಪೋಷಕರಿಗೆ ನಾನು ಅಂಕದ ಆಸೆ ತೋರಿಸುವುದಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು: "ಆಡೋಕೆ ಊರಲ್ಲೇ ಜಾಗ ಇದೆಯಲ್ಲ ಮಿಸ್, ಸ್ಕೂಲಿಗ್ಯಾಕೆ ಕಳಿಸೋದು?" ಸಾಯಂಕಾಲ ಮಗ ಎಲ್ಲಿರುತ್ತಾನೆ ಅಂತ ಕೇಳಿದೆ. ಟ್ಯೂಷನ್, ಆಮೇಲೆ ಮೊಬೈಲ್. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಲುವ ಚಟುವಟಿಕೆ ಬೇಕು ಅನ್ನುತ್ತದೆ. "ನಾನು ಕೊಡೋದು ಅದರ ಕಾಲು ಭಾಗ, ಉಳಿದ ಮುಕ್ಕಾಲು ನಿಮ್ಮದು" ಅಂದೆ. ನಕ್ಕರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಇನ್ನೊಂದು ಒಪ್ಪಿಕೊಳ್ಳಬೇಕು. ಮೊದಲೆಲ್ಲ ಗಲಾಟೆ ಮಾಡಿದವರಿಗೆ "ನಿನಗೆ ಇವತ್ತು ಆಟ ಇಲ್ಲ" ಅನ್ನುತ್ತಿದ್ದೆ. ಒಂದು ಕಡೆ ಕೂರಲಾರದೆ ಗಲಾಟೆ ಮಾಡುವ ಮಗುವನ್ನು ಇನ್ನೊಂದು ಗಂಟೆ ಕೂರಿಸುವುದು! ಈಗ ಹಾಗೆ ಅನ್ನುವುದಿಲ್ಲ, ಎಷ್ಟೇ ಸಿಟ್ಟು ಬಂದರೂ.

ಮಳೆಗಾಲದ್ದೇ ಇನ್ನೂ ತಲೆನೋವು. ಮೈದಾನ ಕೆಸರು, ಜಗಲಿ ಕಿರಿದು. ಹೋದ ವಾರ ಕ್ಲಾಸಿನಲ್ಲೇ ಬೆಂಚು ಸರಿಸಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಆಡಿಸಿದೆ. ಪಕ್ಕದ ಏಳನೇ ಕ್ಲಾಸಿನ ಮೇಷ್ಟ್ರು ಬಾಗಿಲಿಗೆ ಬಂದು "ಏನ್ ಮೇಡಂ, ಗೋಡೆ ಬಿದ್ದೋಯ್ತಾ?" ಅಂದರು. ಅವರ ಹಿಂದೆ ಅವರ ಕ್ಲಾಸಿನ ಅರ್ಧ ಮಕ್ಕಳು ಇಣುಕುತ್ತಿದ್ದರು.